ಮನೆಯ ಮೇಲೆ ಹಾದುಹೋಗುವ ದಾರಿ

ತಂಗೀ,

ಅಕ್ಕನ ವೀಸಾ ಸಿಕ್ಕಿತು! ನಮ್ಮ ದೇಶವೂ ಅವಳು ಸೊಸೆಯಾಗಿ ಹೋದ ದೇಶವೂ ಠೂ ಬಿಟ್ಟ ಮೇಲೆ ವೀಸಾಕ್ಕೂ ವಿಮಾನಕ್ಕೂ ಈ ಮೂರನೆಯ ದೇಶದ ಊರೇ ಗತಿಯಲ್ಲವೆ. ಬೆಳಿಗ್ಗೆ ಇಲ್ಲಿರುವ ನಮ್ಮ ದೇಶದ ರಾಯಭಾರ ಕಚೇರಿಯಲ್ಲಿ ಕೈಗೆ ಕೊಟ್ಟರು. ನಾಳೆ ಅವಳ ಊರಿಗೆ ಹೊರಟು, ಅವಳನ್ನು ಕರೆದುಕೊಂಡು ಇದೇ ದಾರಿಯಲ್ಲಿ ವಾಪಸು ಬರುತ್ತೇನೆ.

ಒಂದು ತಮಾಷೆ ಕೇಳು. ಟಿಕೆಟ್ ಕೌಂಟರಿನ ಗೋಡೆಯ ಮೇಲೆ ವಿಮಾನಗಳ ದಾರಿ ತೋರಿಸುವ ನಕ್ಷೆಯಿದೆ. ಇಲ್ಲಿಂದ ಅಕ್ಕನ ಊರಿಗೆ ಎಳೆದ ಕೆಂಪು ಗೆರೆ ನೇರ ನಮ್ಮ ಊರಿನ ಮೇಲೇ ಹೋಗುತ್ತದೆ! ಅಲ್ಲಿ ಬೆರಳಿಟ್ಟು, "ನನ್ನನ್ನ ಇಲ್ಲೇ ಇಳಿಸಿಬಿಡಿ, ನಮ್ಮನೆ ಇದು" ಎಂದೆ.

ಕೌಂಟರಿನ ಹೆಂಗಸು ನಕ್ಕಳು. "ಮೇಲೆ ಹಾರೋಕೆ ನಮಗೆ ಪರ್ಮಿಷನ್ ಇದೆ ಸಾರ್, ಇಳಿಯೋಕಿಲ್ಲ. ಇಲ್ಲಿಗೇ ಬಂದು, ಬೇರೆ ವಿಮಾನ ಹತ್ತಿ ಹಿಂದಕ್ಕೆ ಹೋಗಿ."

ಅಂದರೆ ಈ ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ನಾವಿಬ್ಬರೂ ಮನೆಯ ಮೇಲೆ ಹಾದುಹೋಗಿ, ಮಂಗಳವಾರ ಮನೆಗೆ ಬರುತ್ತೇವೆ. ಅಮ್ಮನನ್ನು ತಾರಸಿಗೆ ಕರೆದುಕೊಂಡು ಹೋಗು. ಅವಳಿಗೆ ವಿಮಾನ ಕಾಣದಿದ್ದರೂ ಸದ್ದು ಕೇಳುತ್ತದೆ. ಆ ದೊಡ್ಡ ಹಳದಿ ಬೆಡ್‌ಶೀಟು ಹರಡು. ಅಷ್ಟು ಎತ್ತರಕ್ಕೆ ಅದು ಕಾಣುವುದಿಲ್ಲವೆಂದು ನನಗೂ ಗೊತ್ತು, ಹರಡು.

ಕಣ್ಣಿನ ಡಾಕ್ಟರಿಗೆ ಹೇಳಿ ಅದೇ ವಾರ ಆಪರೇಷನ್ ಗೊತ್ತುಮಾಡು. "ಪಟ್ಟಿ ಬಿಚ್ಚಿದಾಗ ಮೊದಲು ದೊಡ್ಡವಳ ಮುಖ ಕಾಣ್ಬೇಕು" ಎಂದು ಅಮ್ಮ ಇನ್ನು ಮುಂದೂಡುವ ಹಾಗಿಲ್ಲ. ನನ್ನ ಸೊಂಟನೋವು ಪರವಾಗಿಲ್ಲ.

ಬರುವಾಗ ಕಿಟಕಿಯ ಸೀಟು ಅಕ್ಕನಿಗೆ ಕೊಡಲು ಕೌಂಟರಿನಲ್ಲಿ ಹೇಳಿದ್ದೇನೆ. ಮನೆಯನ್ನು ನಾನು ದಿನಾ ನೋಡುತ್ತೇನಲ್ಲ.

ಅಂಚೆ ಡಬ್ಬಿ ತೆಗೆಯುವವನು ಬಂದೇಬಿಟ್ಟ.

ಅಣ್ಣ