ಹತ್ತು ಹೋಗಿ ಹನ್ನೊಂದಾದದ್ದು

ಫೆಬ್ರವರಿ 4
ಹನ್ನೊಂದನೇ ಕಲಂ ಏಳನೇ ಸಲ ಟೈಪ್ ಮಾಡಿದೆ. ಯಂತ್ರ ಯಾರ ಅರ್ಜಿಯನ್ನಾದರೂ ತಳ್ಳಿಹಾಕಿದರೆ, ಮೂವತ್ತು ದಿನದೊಳಗೆ ಮನುಷ್ಯನೊಬ್ಬ ಅದನ್ನು ಮತ್ತೆ ನೋಡಬೇಕು, ಕಾರಣ ಬರೆದು ಕೊಡಬೇಕು. ಇಷ್ಟೇ. ಎಐ ಮಸೂದೆಯಲ್ಲಿ ಮಿಕ್ಕಿದ್ದೆಲ್ಲ ಅಲಂಕಾರ. ಕರಡು ಶಾಖೆಗೆ ಬಂದು ಇಪ್ಪತ್ತಾರು ವರ್ಷ. ನಮ್ಮ ಮನೆಗೆ ಬೇಕಾದ ಕಾನೂನು ಬರೆಯುತ್ತಿರುವುದು ಇದೇ ಮೊದಲು.

ಸಂಜೆ ಅಕ್ಕನ ಮನೆ. ಪಾರ್ಶ್ವವಾಯು ಹೊಡೆದು ಎಡಗಡೆ ಬಿದ್ದುಹೋದ ಮೇಲೆ ಸರ್ಕಾರದಿಂದ ವಾರಕ್ಕೆ ಆರು ದಿನ ಹೋಮ್ ನರ್ಸ್ ಬರುತ್ತಿದ್ದಳು. ಕಂಪ್ಯೂಟರ್ ಅದನ್ನು ಎರಡು ದಿನಕ್ಕೆ ಇಳಿಸಿದೆ. ಯಾಕೆಂದು ಕೇಳಿದರೆ ಕಚೇರಿಯಲ್ಲಿ ಒಂದೇ ಮಾತು — "ಸಿಸ್ಟಮ್ ಹಾಗೆ ತೋರಿಸ್ತಿದೆ."

"ನಿನ್ನ ಕಾನೂನು ಯಾವಾಗ ಬರತ್ತೆ?"

"ಈ ಅಧಿವೇಶನದಲ್ಲೇ, ಅಕ್ಕ."

"ಅಷ್ಟರಲ್ಲಿ ನಾನು ಗೊಟಕ್ ಅನ್ನದಿದ್ರೆ ಸಾಕು." ನಕ್ಕಳು. ಈಗ ಬಲಗಡೆ ಮಾತ್ರ ನಗುತ್ತದೆ. ತಲೆ ಬಾಚಿ ಬಂದೆ.

ಫೆಬ್ರವರಿ 11
ಇಸ್ತ್ರಿ ಬಂದಿದ್ದ. ಈ ಯಂತ್ರಗಳನ್ನು ಮಾಡುವ ಕಂಪನಿಗಳ ಪರವಾಗಿ ಓಡಾಡುವವನು. ಅಂಗಿಯಲ್ಲಿ ಒಂದು ಸುಕ್ಕು ಇರುವುದಿಲ್ಲ, ಅದಕ್ಕೇ ಶಾಖೆಯಲ್ಲಿ ಈ ಹೆಸರು. ಮಸೂದೆ ಪರಿಶೀಲಿಸುವ ಸಮಿತಿಯ ಅಧ್ಯಕ್ಷರ ಕೋಣೆಯಲ್ಲಿ ಒಂದು ಗಂಟೆ ಕೂತಿದ್ದ. ಅಧ್ಯಕ್ಷರ ಪಕ್ಷಕ್ಕೆ ಹೊಸ ಕಟ್ಟಡ ಕಟ್ಟಿಸಿಕೊಟ್ಟವರು ಆ ಕಂಪನಿಗಳೇ, ಲಿಫ್ಟ್ ಸಮೇತ. ನಮ್ಮ ಲಿಫ್ಟ್ ಕೆಟ್ಟು ಎರಡು ತಿಂಗಳು.

ಹೊರಡುವಾಗ ನನ್ನ ಟೇಬಲ್ ಹತ್ತಿರ ನಿಂತ. "ಮೇಡಂ, ನಿಮ್ಮ ಕರಡು ಓದೋದೇ ಒಂದು ಸಂತೋಷ." ಉಬ್ಬಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ಫೆಬ್ರವರಿ 19
ತಿದ್ದುಪಡಿ ಬಂತು. ಅಧ್ಯಕ್ಷರ ಸಹಿ, ಇಸ್ತ್ರಿಯ ಭಾಷೆ. ಮೇಲಿನ ಟಿಪ್ಪಣಿಯಲ್ಲೇ ಎಲ್ಲ ಇತ್ತು — ಕಾನೂನು ಜಾರಿಯಾಗುವ ಮೊದಲೇ ಕೆಲಸ ಶುರುಮಾಡಿದ ಯಂತ್ರಗಳಿಗೆ ಮರುಪರಿಶೀಲನೆ ಬೇಡವಂತೆ. ಅಕ್ಕನ ದಿನ ಕತ್ತರಿಸಿದ ಯಂತ್ರ ನಾಲ್ಕು ವರ್ಷ ಹಳೆಯದು. ಕೆಳಗಿನದನ್ನು ಓದಲು ಮನಸ್ಸಾಗಲಿಲ್ಲ. ಹಾಗೇ ಫೈಲಿಗೆ ಸೇರಿಸಿದೆ.

ನಮ್ಮ ಶಾಖೆಯ ಮುಖ್ಯಸ್ಥರ ಹತ್ತಿರ ಹೋದೆ. "ಸರ್, ಇದು ಬಂದ್ರೆ ಹನ್ನೊಂದರಲ್ಲಿ ಏನೂ ಉಳಿಯಲ್ಲ."

"ವಿಷಯ ಅವರದಮ್ಮಾ, ಭಾಷೆ ಮಾತ್ರ ನಮ್ದು. ಇದನ್ನ ನಿಮಗೆ ನಾನು ಹೇಳ್ಬೇಕಾ?"

ಬೇಕಿರಲಿಲ್ಲ. ಸಿಟ್ಟು ಬರಬೇಕಿತ್ತು... ಬರಲಿಲ್ಲ. ಟೀ ತಣ್ಣಗಾಗಿತ್ತು. ಕುಡಿದೆ.

ಫೆಬ್ರವರಿ 27
ಸಮಿತಿ ಒಪ್ಪಿತು. ಹದಿನಾಲ್ಕು ಜನ, ಒಂಬತ್ತು ನಿಮಿಷ. ಒಬ್ಬರೂ ಹಾಳೆ ತಿರುಗಿಸಲಿಲ್ಲ. ಅಕ್ಕನಿಗೆ ಹೇಳಿಲ್ಲ.

ಮಾರ್ಚ್ 3, ಮಧ್ಯಾಹ್ನ
ಅಚ್ಚಿಗೆ ಹೋಗುವ ಪ್ರೂಫ್ ನೋಡಿದೆ. ಅರವತ್ತೆರಡು ಪುಟ, ಎಂಟು ತಿದ್ದು. ಸಹಿ ಹಾಕಿ ಕಳಿಸಿದೆ. ಊಟ ಮಾಡಿದೆ.

ಮಾರ್ಚ್ 3, ಸಂಜೆ 5.40
ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು. ಎಂಟನೇ ತಿದ್ದು.

ಇಸ್ತ್ರಿ ಜನವರಿಯ ಹಳೇ ಕರಡು ಇಟ್ಟುಕೊಂಡು ಬರೆದಿದ್ದ. ಆಗ ಮರುಪರಿಶೀಲನೆ ಇದ್ದದ್ದು ಹತ್ತನೇ ಕಲಮಿನಲ್ಲಿ. ಆಮೇಲೆ ನಡುವೆ ಒಂದು ಸೇರಿ ಹನ್ನೊಂದಾಯಿತು. ಅವನ ತಿದ್ದುಪಡಿಯಲ್ಲಿ ಮಾತ್ರ 'ಹಳೆಯ ಯಂತ್ರಗಳಿಗೆ 10ನೇ ಕಲಂ ಅನ್ವಯಿಸತಕ್ಕದ್ದಲ್ಲ' ಎಂದೇ ಉಳಿದಿತ್ತು. ಈಗಿನ ಹತ್ತು ಎಂದರೆ ವಾರ್ಷಿಕ ವರದಿ. ಬಿಟ್ಟಿದ್ದರೆ ಆ ಕಂಪನಿಗಳಿಗೆ ವರದಿ ಬರೆಯುವ ಕಷ್ಟ ತಪ್ಪುತ್ತಿತ್ತು, ಅಷ್ಟೇ. ಅಕ್ಕನ ಹನ್ನೊಂದು ಅಲುಗುತ್ತಿರಲಿಲ್ಲ.

ನಾನು ನೋಡಿದೆ. ತಪ್ಪು ಸಂಖ್ಯೆ. ಹತ್ತನ್ನು ಹೊಡೆದು ಹನ್ನೊಂದು ಮಾಡಿದೆ. ಅಂಥವನ್ನು ಸರಿಪಡಿಸುವ ಅಧಿಕಾರ ನಮ್ಮ ಶಾಖೆಗಿದೆ, ಯಾರನ್ನೂ ಕೇಳಬೇಕಿಲ್ಲ. ಕೈ ತಾನಾಗಿ ಹೋಯಿತು. ಅಕ್ಕ ನೆನಪಾಗಲೇ ಇಲ್ಲ. ತಪ್ಪು ಹಿಡಿದೆನೆಂಬ ತೃಪ್ತಿ ಬೇರೆ — ಅದನ್ನೂ ಬರೆದಿಡಬೇಕು.

ಮಾರ್ಚ್ 4
ಎಂಟಕ್ಕೇ ಹೋದೆ. ಅಚ್ಚಾಗಿ ಹೋಗಿತ್ತು. ಸರಿ ಮಾಡಿದ್ದನ್ನು ಮತ್ತೆ ತಪ್ಪು ಮಾಡಿ ಎಂದು ಯಾವ ಬಾಯಲ್ಲಿ ಕೇಳಲಿ? ಮುಖ್ಯಸ್ಥರೇ ಮಾತು ತೆಗೆದರು. "ಆ ಹತ್ತು-ಹನ್ನೊಂದು ಹಿಡಿದ್ರಲ್ಲಮ್ಮಾ... ನಮಗ್ಯಾರಿಗೂ ಕಂಡಿರ್ಲಿಲ್ಲ."

ಹನ್ನೊಂದೂವರೆಗೆ ಇಸ್ತ್ರಿಯ ಫೋನ್. "ನಮ್ಮ ಮಾನ ಉಳಿಸಿದ್ರಿ ಮೇಡಂ."

ಪರವಾಗಿಲ್ಲ ಎಂದೆ.

ಮಾರ್ಚ್ 21
ಮಸೂದೆ ಪಾಸಾಯಿತು. ಟಿವಿಯಲ್ಲಿ ಅಧ್ಯಕ್ಷರು — ಇನ್ನು ಯಂತ್ರದ ಮೇಲೆ ಮನುಷ್ಯನ ಕಣ್ಣಿರುತ್ತದಂತೆ. ಒಣಗಿದ ಬಟ್ಟೆ ಮಡಚಿದೆ. ಅಕ್ಕನ ಮನೆಗೆ ಹೋಗದೆ ಮೂರು ವಾರ.

ಮಾರ್ಚ್ 22, ಬೆಳಿಗ್ಗೆ
ಅಕ್ಕನ ಫೋನ್. ಟಿವಿ ನೋಡಿದವಳೇ ಅರ್ಜಿ ಬರೆದಿದ್ದಾಳೆ, ತಾನೇ, ಎರಡು ಗಂಟೆ ಕೂತು. ಪೂರ್ತಿ ಓದಿದಳು. ಹನ್ನೊಂದನೇ ಕಲಮಿನ ಪ್ರಕಾರ, ಮೂವತ್ತು ದಿನದೊಳಗೆ... ನನ್ನದೇ ಮಾತುಗಳು.

"ತಪ್ಪಿದ್ರೆ ಈಗ್ಲೇ ಹೇಳ್ಬಿಡು. ನಾಳೆ ನರ್ಸ್ ಕೈಲಿ ಕಳಿಸ್ತೀನಿ."

ಮೇಲೆ ಬಲಗಡೆ ದಿನಾಂಕ ಹಾಕು ಎಂದೆ.

"ಹಾಕ್ದೆ. ಮತ್ತೆ ಆರು ದಿನ ಬರ್ತಾಳಲ್ವೇನೇ?"

ಅರ್ಜಿ ಇನ್ನೊಂದು ಸಲ ಓದು ಎಂದೆ.