ಅಡಿಕೆಗೆ ಟಾರ್ಪಾಲು, ನಮಗೆ ಬೀಗ

ಮಾನ್ಯ ಕಾರ್ಯದರ್ಶಿಗಳೇ,

ಚನ್ನಗಿರಿಯ ನಮ್ಮ ಕ್ಲಬ್ಬಿನ ಈಜುಕೊಳವನ್ನು ನೀವು ಹೆಂಗಸರಿಗೆ ಮುಚ್ಚಿ ಇವತ್ತಿಗೆ ಹತ್ತೊಂಬತ್ತು ದಿನ. "ಮಹಿಳಾ ಸದಸ್ಯರ ಸುರಕ್ಷತೆಯ ದೃಷ್ಟಿಯಿಂದ, ಮಳೆ ಮುಗಿಯುವವರೆಗೆ" ಎಂದು ನೋಟೀಸು ಅಂಟಿಸಿದ್ದೀರಿ. ಗಂಡಸರು ಮಾತ್ರ ಎಂದಿನಂತೆ ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ಐದರಿಂದ ಎಂಟು ಈಜುತ್ತಿದ್ದಾರೆ. ಸಿಡಿಲೂ ತಮ್ಮ ಸದಸ್ಯರ ಪಟ್ಟಿ ನೋಡಿಕೊಂಡೇ ಬೀಳುತ್ತದೆಯೇ ಸ್ವಾಮಿ? ಮೂರು ಅರ್ಜಿ ಕೊಟ್ಟೆ. ಮೂರಕ್ಕೂ "ಸಮಿತಿಯ ಮುಂದೆ ಇಡಲಾಗುವುದು" ಎಂದಿರಿ. ಸಮಿತಿ ಯಾವಾಗ ಕೂರುತ್ತದೋ ಗೊತ್ತಿಲ್ಲ, ಅದಕ್ಕೇ ಊರಿನ ಮುಂದೆ ಇಡುತ್ತಿದ್ದೇನೆ.

ನನಗೆ ಈಜಿನ ಶೋಕಿಯಿಲ್ಲ, ಈಜು ಬರುವುದೂ ಇಲ್ಲ. ನನ್ನ ಮಗಳು ಪವಿತ್ರಳಿಗೆ ಹದಿನಾರು ವರ್ಷ. ಹೋದ ಬೇಸಿಗೆಯಲ್ಲಿ ಸವಳಂಗದ ರಸ್ತೆಯಲ್ಲಿ ಸ್ಕೂಟರ್ ಜಾರಿ ಅವಳ ಬಲಗಾಲು ಮುರಿಯಿತು, ಎರಡು ಆಪರೇಷನ್ ಆದವು. ಎದೆಮಟ್ಟದ ನೀರಿನಲ್ಲಿ ದಿನಾ ನಡೆಸಿ, ಈ ಡಿಸೆಂಬರ್ ಮುಗಿಯುವುದರೊಳಗೆ ಮೊಣಕಾಲು ಎಷ್ಟು ಮಡಚುತ್ತದೋ ಜನ್ಮಕ್ಕೆ ಅಷ್ಟೇ ಎಂದರು ದಾವಣಗೆರೆಯ ಡಾಕ್ಟರು. ನೆಲದ ಮೇಲೆ ವಾಕರ್ ಹಿಡಿದು ಅಳುತ್ತಾ ನಾಲ್ಕು ಹೆಜ್ಜೆ ಇಡುವ ಹುಡುಗಿ ನಿಮ್ಮ ಕೊಳದಲ್ಲಿ ಈ ಗೋಡೆಯಿಂದ ಆ ಗೋಡೆಗೆ ನಡೆದಳು. ನಗುತ್ತಾ ನಡೆದಳು ಮಾರಾಯರೇ! ಇನ್ನು ಉಳಿದಿರುವುದು ಎರಡೇ ತಿಂಗಳು. ಹತ್ತೊಂಬತ್ತು ದಿನದಲ್ಲಿ ಮೊಣಕಾಲು ಮತ್ತೆ ಬಿಗಿದುಕೊಂಡಿದೆ.

ಈಗ ಬೀಗ ಬೀಳುವ ಹಿಂದಿನ ದಿನದ ವಿಷಯ. ಹೆಂಗಸರಿಗೆ ನೀವು ಕೊಟ್ಟಿದ್ದು ಮಧ್ಯಾಹ್ನ ಮೂರರಿಂದ ನಾಲ್ಕು. ಹಿಂಗಾರಿನಲ್ಲಿ ಈ ಊರಿಗೆ ಮೋಡ ಕಟ್ಟುವುದು ಸರಿಯಾಗಿ ಆಗಲೇ ಎಂಬುದು ನಲ್ಲೂರಿನ ಕೂಸಿಗೂ ಗೊತ್ತು, ತಮಗೆ ಮಾತ್ರ ಯಾರೂ ಹೇಳಿಲ್ಲವೇನೋ. ಕೊಳದ ಪಕ್ಕದ ಸಿಮೆಂಟಿನ ಆಟದಂಗಳದಲ್ಲಿ ಈ ತಿಂಗಳು ಯಾರೂ ಆಡುವುದಿಲ್ಲ. ಬೇಯಿಸಿದ ಅಡಿಕೆಯನ್ನು ಸದಸ್ಯರು ಅಲ್ಲೇ ಒಣಗಲು ಹರವುತ್ತಾರೆ. ನೀರಿನಲ್ಲಿರುವವರನ್ನು ನೋಡಿಕೊಳ್ಳಲು ನೇಮಿಸಿದ ದುರುಗಕ್ಕನಿಗೆ ತಮ್ಮದೇ ಬಾಯಿಮಾತಿನ ಆಜ್ಞೆಯೊಂದಿದೆ: ಗುಡುಗಿದರೆ ಮೊದಲು ಅಡಿಕೆಗೆ ಟಾರ್ಪಾಲು ಹೊದಿಸು, ಆಮೇಲೆ ಸೀಟಿ ಊದು.

ಅವತ್ತು ಗುಡುಗಿತು. ದುರುಗಕ್ಕ ಓಡಿದಳು. ನೀರಿನಲ್ಲಿದ್ದ ಇನ್ನಿಬ್ಬರು ಹೆಂಗಸರೂ ಏಣಿ ಹತ್ತಿ, ಒದ್ದೆಮೈಯಲ್ಲೇ ಟಾರ್ಪಾಲಿನ ತುದಿ ಹಿಡಿಯಲು ಓಡಿದರು. ಪವಿತ್ರಳನ್ನು ಮೇಲೆತ್ತಲು ಇಬ್ಬರು ಬೇಕು, ಅಲ್ಲಿದ್ದದ್ದು ನಾನೊಬ್ಬಳು. ಅವಳ ಸೊಂಟಕ್ಕೆ ಕೈಕೊಟ್ಟು ಎರಡು ಸಲ ಏಣಿಗೆ ಹಚ್ಚಿದೆ, ಎರಡು ಸಲವೂ ಜಾರಿದಳು. ಕಿರುಚಿದೆ, ಆದರೆ ಮಳೆಯ ಸದ್ದಿಗೆ ಯಾರಿಗೂ ಕೇಳಿಸಲಿಲ್ಲ. ಕಾಂಪೌಂಡಿನಾಚೆಯ ತೆಂಗಿನ ಮರಕ್ಕೆ ಸಿಡಿಲು ಹೊಡೆದಾಗ ನಾವು ತಾಯಿ ಮಗಳು ಎದೆಮಟ್ಟದ ನೀರಿನಲ್ಲಿ ಒಬ್ಬರನ್ನೊಬ್ಬರು ತಬ್ಬಿಕೊಂಡು ನಿಂತಿದ್ದೆವು. ದೇವರೇ, ಆ ಬೆಳಕು! ಇವತ್ತಿಗೂ ಕಣ್ಣು ಮುಚ್ಚಲು ಹೆದರಿಕೆಯಾಗುತ್ತದೆ. ಅಡಿಕೆ ಮಾತ್ರ ಒಂದೂ ನೆನೆಯಲಿಲ್ಲ.

ಮಾರನೆಯ ದಿನ ತಮ್ಮ ಕೋಣೆಗೆ ಬಂದೆ. "ಕಾಲು ಸರಿಯಿಲ್ದೋರ್ನ ಯಾಕ್ರೀ ಕರ್ಕಂಡು ಬರಾಕೆ ಹೋದ್ರಿ? ಇದು ಕ್ಲಬ್ಬು, ಆಸ್ಪತ್ರೆ ಅಲ್ಲ" ಎಂದಿರಿ. ಸಂಜೆಯೊಳಗೆ ಬೀಗ ಬಿತ್ತು, ದುರುಗಕ್ಕನನ್ನೂ ಮನೆಗೆ ಕಳಿಸಿದಿರಿ. ಅವಳ ಮನೆಗೆ ಹೋಗಿದ್ದೆ. "ಅಮ್ಮಾ, ನೀವೇ ಕೂಗಿದ್ರಲ್ಲ, ಅದ್ಕೇ ಓಡಿದೆ. ನೀರಾಗಿರೋರು ಹೆಂಗೂ ನೆಂದೇ ಇರ್ತಾರೆ, ಅಡಿಕೆ ನೆಂದ್ರೆ ಹೆಂಗೆ ಅನ್ಕಂಡೆ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹೌದು, ಕೂಗಿದವಳು ನಾನೇ. ಇದನ್ನು ಅರ್ಜಿಗಳಲ್ಲಿ ಬರೆದಿರಲಿಲ್ಲ, ನಾಚಿಕೆಯಾಗಿತ್ತು. ಆ ಅಂಗಳದಲ್ಲಿ ನಮ್ಮ ಮನೆಯ ಅಡಿಕೆಯೂ ಇತ್ತು. ಹುಟ್ಟಿದಾಗಿನಿಂದ ಗುಡುಗು ಕೇಳಿದೊಡನೆ ಅಂಗಳಕ್ಕೆ ಓಡಿದವರು ನಾವು. ಮೊದಲ ಗುಡುಗಿಗೆ ನನ್ನ ಬಾಯಿಂದ ಬಂದ ಮೊದಲ ಮಾತು "ದುರುಗಕ್ಕಾ, ಅಡಿಕೆ!" ಕೈಯಲ್ಲಿ ಮಗಳಿದ್ದಳು, ಬಾಯಲ್ಲಿ ಅಡಿಕೆಯಿತ್ತು. ಆದ್ದರಿಂದ ಶಿಕ್ಷೆ ಕೊಡುವುದಿದ್ದರೆ ನನಗೆ ಕೊಡಿ. ನನ್ನ ಸದಸ್ಯತ್ವ ಕಿತ್ತುಹಾಕಿ, ನಮ್ಮ ಅಡಿಕೆಯನ್ನು ಬೀದಿಗೆ ಎಸೆಯಿರಿ. ಆ ಬಡಪಾಯಿಯನ್ನು ಬಿಟ್ಟುಬಿಡಿ.

ನನ್ನ ಬೇಡಿಕೆ ದೊಡ್ಡದಲ್ಲ. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನದವರೆಗೆ ಕೊಳ ಖಾಲಿ ಬಿದ್ದಿರುತ್ತದೆ, ಆಕಾಶವೂ ತಿಳಿಯಾಗಿರುತ್ತದೆ. ಅದರಲ್ಲಿ ಹೆಂಗಸರಿಗೆ ಒಂದು ಗಂಟೆ ಕೊಡಿ. ದುರುಗಕ್ಕನನ್ನು ವಾಪಸು ಕರೆಸಿ, ಕೊಳದ ಅಂಚು ಬಿಟ್ಟು ಕದಲಬೇಡ ಎಂದು ಈ ಸಲ ಬರವಣಿಗೆಯಲ್ಲಿ ಕೊಡಿ. ಗುಡುಗಿದೊಡನೆ ಮೊದಲು ಜನ ಮೇಲೆ ಬರಲಿ, ಕೊನೆಯ ಗುಡುಗಾಗಿ ಅರ್ಧ ಗಂಟೆ ಯಾರೂ ಇಳಿಯದಿರಲಿ, ಗಂಡಸರೂ ಸೇರಿ. ಅಡಿಕೆಯನ್ನು ಅಡಿಕೆಯವರು ನೋಡಿಕೊಳ್ಳುತ್ತೇವೆ.

ನಿನ್ನೆ ಮಧ್ಯಾಹ್ನ ಮತ್ತೆ ಗುಡುಗಿತು. ಮಂಚದ ಮೇಲೆ ಕಾಲು ಚಾಚಿ ಕೂತಿದ್ದ ಪವಿತ್ರ ನನ್ನನ್ನೇ ನೋಡಿ, "ಹೋಗಮ್ಮ, ಅಡಿಕೆ ತಗಿ ಹೋಗು, ನಾನು ಇಲ್ಲೇ ಇರ್ತೀನಿ" ಎಂದಳು. ವ್ಯಂಗ್ಯಕ್ಕೆ ಹೇಳಲಿಲ್ಲ, ನಿಜವಾಗಿಯೇ ಹೇಳಿದಳು. ನಾನು ಹೋಗಲಿಲ್ಲ. ಮನೆ ಮುಂದೆ ಹರವಿದ್ದ ನಮ್ಮ ಅಡಿಕೆಯೆಲ್ಲ ನೆನೆಯಿತು. ಅವಳ ಕಾಲು ಒತ್ತುತ್ತಾ ಕೂತಿದ್ದೆ, ಆದರೆ ಮೊಣಕಾಲು ಮಡಚಲಿಲ್ಲ. ಅದಕ್ಕೆ ನೀರೇ ಬೇಕು. ದಯವಿಟ್ಟು ಬಾಗಿಲು ತೆಗೆಯಿರಿ.

ಇಂತಿ,
ಗುಡುಗಿದಾಗ ಮೊದಲು ಅಡಿಕೆ ಎಂದ ತಾಯಿ,
ಸಂಧ್ಯಾರಾಣಿ
ಚನ್ನಗಿರಿ