ಒಂದೇ ದಿನ ಕಾಯಿಸಿದ ಕೊಳವೆ

ಪುತ್ತೂರು
೧೪-೯-೧೯೮೩

ಚಿ. ಲೋಲಾಕ್ಷಿಗೆ ಈಶ್ವರಿ ಟೀಚರ ಆಶೀರ್ವಾದಗಳು.

ನಿನ್ನ ಪತ್ರ ತಲುಪಿ ಎಂಟು ದಿನಗಳಾದವು. ಪರಮಾಣು ಸ್ಥಾವರದ ಬಲದಿಂದ ನಡೆಯುವ ಅನಿಲ ಲೇಸರು ಹೇಗೆ ವರ್ತಿಸುತ್ತದೆ ಎಂಬುದನ್ನು ಎಷ್ಟು ಸ್ಪಷ್ಟವಾಗಿ ವಿವರಿಸಿರುವೆಯೆಂದರೆ, ಎಪ್ಪತ್ತರ ಹತ್ತಿರದ ನನಗೂ ಅರ್ಥವಾಯಿತು. ಸ್ಥಾವರದಿಂದ ಬಂದ ನ್ಯೂಟ್ರಾನುಗಳು ಗಾಜಿನ ಕೊಳವೆಯೊಳಗಿನ ಹೀಲಿಯಂ-೩ ಪರಮಾಣುಗಳನ್ನು ಸೀಳುತ್ತವೆ. ಸಿಡಿದ ಚೂರುಗಳು ಹೀಲಿಯಂನೊಡನೆ ಬೆರೆಸಿದ ಕ್ಸೆನಾನ್ ಅನಿಲವನ್ನು ಕೆರಳಿಸುತ್ತವೆ. ನ್ಯೂಟ್ರಾನುಗಳ ಪ್ರಮಾಣ ಒಂದು ಮಿತಿಯನ್ನು ಮುಟ್ಟುವವರೆಗೆ ಬರಿಯ ಮಂಕು ಹೊಳಪು. ಮುಟ್ಟಿದೊಡನೆ ಕೊಳವೆಯ ಎರಡು ತುದಿಗಳ ಕನ್ನಡಿಗಳ ನಡುವಿನಿಂದ ಕಣ್ಣಿಗೆ ಕಾಣದ ನೇರ ಕಿರಣ. ಗಾಜಿನ ಒಳಮೈಗೆ ಅಂಟಿದ ತೇವ ಒಂದಿಷ್ಟು ಬೆರೆತರೂ ಆ ಶಕ್ತಿಯನ್ನು ಅದೇ ಕಬಳಿಸುತ್ತದೆ. ಆದ್ದರಿಂದಲೇ ಅನಿಲ ತುಂಬುವ ಮೊದಲು ಕೊಳವೆಯನ್ನು ಮೂರು ದಿನ ಕಾಯಿಸಿ, ಒಳಗಿನ ಗಾಳಿಯನ್ನು ಹೀರಿ ತೆಗೆಯಬೇಕು.

ಅಷ್ಟು ಬಲ್ಲ ನೀನು ಒಂದೇ ದಿನ ಕಾಯಿಸಿದೆ. ಸ್ಥಾವರದಲ್ಲಿ ನಿಮ್ಮ ಸರದಿ ಎರಡು ದಿನ ಮುಂಚೆ ಬಂತು, ಬಿಟ್ಟರೆ ಇನ್ನು ಆರು ತಿಂಗಳು ಕಾಯಬೇಕಿತ್ತು ಎನ್ನುವುದು ಕಾರಣ, ಸಮರ್ಥನೆಯಲ್ಲ. ಕಿರಣ ಹುಟ್ಟಲಿಲ್ಲ, ಅದನ್ನು ಅಳೆಯುವ ಮಾಪಕದ ಮುಳ್ಳು ಅಲುಗಲಿಲ್ಲ. ವರದಿಯಲ್ಲಿ ನೀನು ಕೊಳವೆಯ ಬೆಸುಗೆ ಸೋರುತ್ತಿತ್ತು ಎಂದು ಬರೆದೆ. ನಿಜವನ್ನು ನನಗೊಬ್ಬಳಿಗೇ ಬರೆದಿರುವೆ.

ಆ ಕೊಳವೆಯನ್ನು ಊದಿದವನು ನಿನ್ನೊಂದಿಗೆ ನನ್ನ ತರಗತಿಯಲ್ಲಿ ಕುಳಿತಿದ್ದ ಮೊಯ್ದೀನ್. ಅವನನ್ನು ಕೆಲಸದಿಂದ ನಿಲ್ಲಿಸಿದ್ದಾರೆ. ಮೊನ್ನೆ ಅವನ ತಾಯಿ ರುಕಿಯಾ ಉಪ್ಪಿನಂಗಡಿಯಿಂದ ಬಂದು, "ಟೀಚರೇ, ಅವ ಗಾಜು ಊದ್ಲಿಕ್ಕೆ ಕೂತರೆ ಊಟಕ್ಕೂ ಏಳುದಿಲ್ಲ. ಅವ ಮಾಡಿದ್ದು ಸೋರುದು ಹೇಗೆ? ಇರಲಿ, ಲೋಲಾಕ್ಷಿ ಅಲ್ಲೇ ಇದ್ದಾಳಲ್ಲ, ಕೆಲಸ ಕೊಡಿಸಿದವಳು. ಅವಳು ಕೈ ಬಿಡ್ಲಿಕ್ಕಿಲ್ಲ" ಎಂದರು.

ರಾಜೀನಾಮೆ ಕೊಟ್ಟು ಊರಿಗೆ, ಕೋಡಿಂಬಾಳಕ್ಕೆ ಮರಳುತ್ತೇನೆ ಎಂದಿರುವೆ. ಕೂಡದು. ನೀನು ಬಂದುಬಿಟ್ಟರೆ ಅವನ ಮೇಲಿನ ಕಳಂಕವನ್ನು ಅಳಿಸುವವರು ಅಲ್ಲಿ ಯಾರೂ ಇಲ್ಲ. ಈ ಪತ್ರ ಓದಿದ ದಿನವೇ ನಿಮ್ಮ ಮುಖ್ಯಸ್ಥರಿಗೆ ಬರೆದು ಕೊಡು. 'ಕಾಯಿಸಲು ಸಾಧ್ಯವಾಗಲಿಲ್ಲ' ಎಂದಲ್ಲ. 'ನಾನು ಕಾಯಿಸಲಿಲ್ಲ' ಎಂದು. ಬೆಸುಗೆಯನ್ನು ಎಲ್ಲರೆದುರು ಪರೀಕ್ಷಿಸಲು ಕೇಳು. ಶಿಕ್ಷೆ ಬಂದರೆ ಹೊತ್ತುಕೋ. ಅನಂತರ ಮುಂದಿನ ಸರದಿಗೆ ಅರ್ಜಿ ಹಾಕಿ, ಅದೇ ಕೊಳವೆಯನ್ನು ಮೂರು ದಿನ ಕಾಯಿಸಿ, ಪ್ರಯೋಗವನ್ನು ಮುಗಿಸು.

ಇಂತು,
ನಿನ್ನ ಹಿತವನ್ನೇ ಬಯಸುವ
ಕೆ. ಈಶ್ವರಿ

ತಾ.ಕ.: ರುಕಿಯಾ ಬಂದಾಗ ನಿನ್ನ ಪತ್ರ ನನ್ನ ಮೇಜಿನ ಮೇಲೆಯೇ ಇತ್ತು. ಆದರೂ, ಎಂತಹ ಕೆಲಸಗಾರನ ಕೈಯೂ ಒಮ್ಮೆ ತಪ್ಪಬಹುದು ಎಂದು ಹೇಳಿ ಅವರನ್ನು ಕಳುಹಿಸಿದೆ. ಅವರು ನಂಬಿ ಹೋದರು. ಇದನ್ನು ಅಂಚೆಗೆ ಹಾಕಿ, ಹತ್ತೂವರೆಯ ಬಸ್ಸಿನಲ್ಲಿ ಅವರ ಮನೆಗೆ ಹೊರಟಿದ್ದೇನೆ. ನಾನು ಹೇಳಿದ್ದು ಸುಳ್ಳೆಂದು ತಿಳಿಸುತ್ತೇನೆ. ಯಾರಿಗಾಗಿ ಹೇಳಿದಿರಿ ಎಂದು ಅವರು ಕೇಳಿದರೆ, ನಿನ್ನ ಹೆಸರನ್ನು ಮುಚ್ಚಿಡುವುದಿಲ್ಲ.